ವಿಶಾಲಾಕ್ಷಿಯವರು ತಪಕೀರ ಬಿಟ್ಟದ್ದು

ವಿಶಾಲಾಕ್ಷಿಯವರು ದನಿ ಏರಿಸಿದ್ದನ್ನು ಕಂಡವರಿರಲಿಲ್ಲ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವರು, ಕೊನೆಯ ಒಂಬತ್ತು ವರ್ಷ ಹೆಡ್‌ಮಿಸ್ ಆಗಿದ್ದವರು. ತುಂಟಿಯರನ್ನು ಬೈಯುತ್ತಿರಲಿಲ್ಲವಂತೆ. ಹತ್ತಿರ ಕರೆದು, ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಇನ್ನೊಮ್ಮೆ ವಿಚಾರ ಮಾಡವಾ" ಅನ್ನುತ್ತಿದ್ದರಂತೆ. ಅಷ್ಟಕ್ಕೇ ಹುಡುಗಿಯರು ಅತ್ತುಬಿಡುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಮಗ ಸಮರ್ಥ ಎರಡು ವರ್ಷ ವೀಸಾಕ್ಕೆ ಓಡಾಡಿ ಅವರನ್ನು ಲಂಡನ್ನಿನ ಸಟನ್‌ನಲ್ಲಿರುವ ತನ್ನ ಮನೆಗೆ ಕರೆಸಿಕೊಂಡ. ಆಗಿನಿಂದ ನಾಲ್ಕು ವರ್ಷ, ಅವರ ಸೊಸೆ ಬೃಂದಾ ಒಂದು ಗಡುಸು ಮಾತನ್ನೂ ಅವರ ಬಾಯಿಂದ ಕೇಳಿರಲಿಲ್ಲ.

ಅವರಿಗಿದ್ದ ಚಟ ಒಂದೇ, ತಪಕೀರದ್ದು. ಬೃಂದಾ ಮೈಸೂರಿನವಳು, ಅವಳ ಕಡೆ ಅದಕ್ಕೆ ನಶ್ಯ ಅನ್ನುತ್ತಾರೆ. ಅತ್ತೆ ಅದನ್ನು ಮೂಗಿಗೆ ಏರಿಸುತ್ತಿರಲಿಲ್ಲ. ಒಂದು ಚಿಟಿಕೆ ಪುಡಿಯನ್ನು ತೋರುಬೆರಳಿಗೆ ತೆಗೆದುಕೊಂಡು, ಸೆರಗು ಮರೆಮಾಡಿ, ಒಸಡಿಗೆ ತಿಕ್ಕಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಹಲ್ಲುನೋವಿಗೆಂದು ನಾದಿನಿಯೊಬ್ಬಳು ಹಚ್ಚಿಕೊಟ್ಟದ್ದು. ಹಲ್ಲುನೋವು ಮರುದಿನ ಹೋಯಿತು, ತಪಕೀರ ಐವತ್ತೊಂದು ವರ್ಷ ಉಳಿಯಿತು. ಊರಿಂದ ಬರುವವರೆಲ್ಲ ಚಟ್ನಿಪುಡಿಯ ಜೊತೆ ನಾಲ್ಕು ಡಬ್ಬಿ ತಂದುಕೊಡುತ್ತಿದ್ದರು.

ಈ ಮೇ ತಿಂಗಳಲ್ಲಿ ಹಲ್ಲಿನ ಡಾಕ್ಟರು ಅವರ ಕೆಳದುಟಿಯ ಒಳಗೆ ಒಂದು ಬಿಳಿ ಮಚ್ಚೆ ಕಂಡರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಕ್ಯಾನ್ಸರ್ ಅಲ್ಲ ಅಂತ ಬಂತು. ಆದರೆ ತಂಬಾಕು ಮುಂದುವರಿದರೆ ನಾಳೆ ಆಗಬಹುದು, ಇವತ್ತೇ ಬಿಡಬೇಕು, ಅಂದರು ಡಾಕ್ಟರು.

ಸಮರ್ಥ ಆಸ್ಪತ್ರೆಯಲ್ಲಿ ಹೃದ್ರೋಗದ ವೈದ್ಯ. ಅವನಿಗೆ ಇಷ್ಟು ಸಾಕಾಯಿತು. ಅಂದೇ ಸಂಜೆ ಅಮ್ಮನ ಕೋಣೆಯಿಂದ ಒಂಬತ್ತು ಡಬ್ಬಿ ಹುಡುಕಿ ತೆಗೆದ. ಎಲ್ಲವನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟ. ಕಂದು ನೀರು ಸುತ್ತಿ ಸುತ್ತಿ ಇಳಿಯಿತು.

"ಅವ್ವಾ, ಮನಸ್ಸು ಗಟ್ಟಿ ಮಾಡು. ಒಂದು ವಾರ ಕಷ್ಟ ಆಗ್ತದ, ಆಮ್ಯಾಲೆ ಏನೂ ಇಲ್ಲ."

"ಆತಪಾ," ಅಂದರು ವಿಶಾಲಾಕ್ಷಿಯವರು. ಅವರ ಕಣ್ಣು ಮಾತ್ರ ನಲ್ಲಿಯ ಮೇಲೇ ಇತ್ತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೃಂದಾ ಆಗ ಒಂದು ಮಾತು ಹೇಳಬಹುದಿತ್ತು. ಅವಳು ಫಾರ್ಮಸಿಸ್ಟ್. ವಾರ್ಡಿನಲ್ಲಿ ದಿನಕ್ಕೆ ಮೂರು ಮಂದಿಗಾದರೂ ಇದನ್ನೇ ಬಿಡಿಸಿ ಹೇಳುವವಳು: ಹೀಗೆ ಒಮ್ಮೆಗೇ ನಿಲ್ಲಿಸಬೇಡಿ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ, ಸ್ವಲ್ಪಸ್ವಲ್ಪವಾಗಿ ಇಳಿಸೋಣ, ಅಂತ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ನಿಕೋಟಿನ್ ಅನ್ನುವ ಪದ ಆ ಮನೆಯಲ್ಲಿ ತನ್ನ ಬಾಯಿಂದ ಬಾರದಿರಲಿ ಅಂತ ಅವಳು ಐದು ವರ್ಷದಿಂದ ಕಾಯ್ದುಕೊಂಡು ಬಂದಿದ್ದಳು.

ಯಾಕೆಂದರೆ ಅವಳ ಕೈಚೀಲದ ಒಳಜೇಬಿನಲ್ಲಿ, ಕಾಲುಚೀಲದೊಳಗೆ ಸುತ್ತಿ, ಒಂದು ವೇಪ್ ಇತ್ತು, ನಿಕೋಟಿನ್ ಆವಿ ಬಿಡುವ ಇ-ಸಿಗರೇಟು. ಕೋವಿಡ್ ವರ್ಷದಲ್ಲಿ ಶುರುವಾದದ್ದು. ಆಗ ದಿನದ ಪಾಳಿ ಹದಿಮೂರು ಗಂಟೆ. ಆಸ್ಪತ್ರೆಯ ಹಿಂದೆ ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ನರ್ಸ್ ಒಬ್ಬಳು ಸಿಗರೇಟು ಚಾಚಿದಳು. ಬೃಂದಾ ಬೇಡ ಅನ್ನುವ ಮೊದಲೇ ಕೈ ಮುಂದೆ ಹೋಗಿತ್ತು. ಆಮೇಲೆ ಸಿಗರೇಟು ಬಿಟ್ಟು ವೇಪ್ ಹಿಡಿದಳು, ವಾಸನೆ ಬರುವುದಿಲ್ಲ ಅಂತ. ಮನೆಯ ಹಿಂದಿನ ಶೆಡ್ಡಿಗೆ ಕಸದ ಡಬ್ಬ ಇಡುವ ನೆಪದಲ್ಲಿ ಹೋಗಿ ಎರಡು ದಮ್ಮು ಎಳೆದು ಬರುತ್ತಿದ್ದಳು. ಸಮರ್ಥನಿಗೂ ಗೊತ್ತಿರಲಿಲ್ಲ, ಹದಿಮೂರು ವರ್ಷದ ಮಗಳು ಅಮೂಲ್ಯಾಳಿಗೂ ಗೊತ್ತಿರಲಿಲ್ಲ.

ಮೂರನೇ ದಿನ ಹುಬ್ಬಳ್ಳಿಯಿಂದ ಅತ್ತೆಯ ನಾದಿನಿಯ ಫೋನು ಬಂತು. ಅವರು ಯಾವಾಗಲೂ ಮುಕ್ಕಾಲು ಗಂಟೆ ಮಾತಾಡುವವರು. ವಿಶಾಲಾಕ್ಷಿಯವರು ಹೂಂ ಹೂಂ ಅನ್ನುತ್ತ ಕಾಳು ಆರಿಸುವವರು. ಅಂದು ಹತ್ತು ನಿಮಿಷಕ್ಕೇ, "ಇದನ್ನೇ ಹೋದ ವಾರನೂ ಹೇಳಿದಿ. ಸಾಕು" ಅಂದು ಫೋನು ಇಟ್ಟುಬಿಟ್ಟರು. ಇಟ್ಟ ಮೇಲೆ ತಮ್ಮ ಕೈಯನ್ನೇ ನೋಡುತ್ತ ಕೂತರು.

ಐದನೇ ದಿನ ಭಾನುವಾರ, ಕನ್ನಡ ಸಂಘದ ಸಭೆ. ಹಿರಿಯರಾದ ಅಶ್ವತ್ಥನಾರಾಯಣ ಅವರು ಭಾಷಣಕ್ಕೆ ನಿಂತರೆ ಇಳಿಯುವವರಲ್ಲ, ಇದು ಎಲ್ಲರಿಗೂ ಗೊತ್ತು, ಎಲ್ಲರೂ ಸಹಿಸಿಕೊಂಡಿದ್ದಾರೆ. ಅವರು ಮೂವತ್ತೈದನೇ ನಿಮಿಷಕ್ಕೆ ಬಂದಾಗ ಎರಡನೇ ಸಾಲಿನಿಂದ ವಿಶಾಲಾಕ್ಷಿಯವರು ಎದ್ದು ನಿಂತರು.

"ಇನ್ನ ಸಾಕ್ ಮಾಡ್ರಿ. ಹುಡುಗರಿಗೆ ಹಸಿವಿ ಆಗೇದ."

ಸಭೆ ಘೊಳ್ಳೆಂದು ನಕ್ಕಿತು. ಅಶ್ವತ್ಥನಾರಾಯಣ ಅವರೂ ನಕ್ಕು ಮೈಕು ಕೆಳಗಿಟ್ಟರು. ಅಮೂಲ್ಯಾ ಚಪ್ಪಾಳೆ ತಟ್ಟಿದಳು. ಸಮರ್ಥ ಮಾತ್ರ ನಗಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ಇಡೀ ದಾರಿ ಅಮ್ಮನ ಮುಖವನ್ನು ಕನ್ನಡಿಯಲ್ಲಿ ನೋಡುತ್ತಿದ್ದ.

ಮಾರನೆಯ ದಿನ ಅವನು ತಮ್ಮ ಜಿಪಿಗೆ, ಅಂದರೆ ಮನೆ ಡಾಕ್ಟರಿಗೆ, ಫೋನು ಮಾಡಿ ಮಾತಾಡಿದ. ಸ್ವಭಾವದಲ್ಲಿ ಬದಲಾವಣೆ, ಸಂಕೋಚ ಹೋಗಿದೆ, ವಯಸ್ಸು ಎಪ್ಪತ್ತೆರಡು, ಮರೆವಿನ ರೋಗ ನೋಡುವ ಮೆಮರಿ ಕ್ಲಿನಿಕ್ಕಿಗೆ ಕಳಿಸೋಣವೇ, ಅಂತ. ಇಂಗ್ಲಿಷಿನಲ್ಲೇ ಮಾತಾಡಿದ. ಅವನ ಅಮ್ಮ ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದು ಇಂಗ್ಲಿಷನ್ನೇ ಅನ್ನುವುದು ಆ ಹೊತ್ತಿಗೆ ಅವನಿಗೆ ಮರೆತಿತ್ತು.

ಬುಧವಾರ ಸಂಜೆ ಒಣಗಿದ ಬಟ್ಟೆ ಕೊಡಲು ಹೋದ ಬೃಂದಾ ಅತ್ತೆಯ ಕೋಣೆಯ ಹೊರಗೆ ನಿಂತುಬಿಟ್ಟಳು. ಒಳಗಿಂದ ಮೆಲ್ಲಗೆ ಹೆಸರುಗಳು ಕೇಳುತ್ತಿದ್ದವು. "ಅಂಬಿಕಾ ಹಿರೇಮಠ. ಕಸ್ತೂರಿ ಪಾಟೀಲ. ಗಂಗೂ ಬಡಿಗೇರ... ಗಂಗೂ ಆದ ಮ್ಯಾಲೆ... ಗೌರಿ. ಗೌರಿ ಸವಣೂರ." ಯಾವುದೋ ಹಳೆಯ ತರಗತಿಯ ಹಾಜರಿ. ಒಂದು ಹೆಸರಿಗೆ ತಡವರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ತಮ್ಮ ಬುದ್ಧಿ ಇದೆಯೋ ಹೋಯಿತೋ ಅಂತ ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ ಅನ್ನುವುದು ಬೃಂದಾಳಿಗೆ ಹೊಳೆದಾಗ ಅವಳ ಕೈಯಲ್ಲಿದ್ದ ಬಟ್ಟೆ ಭಾರವಾಯಿತು. ಆದರೂ ಬಟ್ಟೆ ಬಾಗಿಲಲ್ಲಿಟ್ಟು ಬಂದಳು. ಬಂದವಳು ನೇರ ಶೆಡ್ಡಿಗೆ ಹೋದಳು. ಪುದೀನಾ ಘಮದ ಆವಿಯನ್ನು ಎಳೆಯುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು, ಮೈಗೆ ಮಾತ್ರ ಹಾಯೆನಿಸಿತು. ಆಮೇಲೆ ವೇಪನ್ನು ಕಾಲುಚೀಲಕ್ಕೆ ಸುತ್ತಿ, ಇನ್ನು ಮುಟ್ಟುವುದಿಲ್ಲ ಅಂದುಕೊಂಡಳು. ಹಾಗೆ ಅಂದುಕೊಂಡದ್ದು ಅದೇ ಮೊದಲಲ್ಲ. ಈ ಸಲ ಮಾತ್ರ ಎರಡು ದಿನ ಕಳೆದರೂ ಮುಟ್ಟಿರಲಿಲ್ಲ.

ಹತ್ತನೇ ದಿನ ಶುಕ್ರವಾರ, ಶಾಲೆಗೆ ರಜ. ಬೃಂದಾಳಿಗೂ ರಜ. ಬೆಳಿಗ್ಗೆ ತರಕಾರಿ ತಂದು ಬಾಗಿಲು ತೆರೆದರೆ ಅಮೂಲ್ಯಾ ಓಡಿಬಂದಳು.

"ಅಮ್ಮಾ, ಡೋಂಟ್ ಫ್ರೀಕ್ ಔಟ್. ಅಜ್ಜಿ ಈಸ್ ಫೈನ್."

ಊಟದ ಮೇಜಿನ ಮೇಲೆ ಒಂದು ಜಡೆ ಇತ್ತು. ಬೆಳ್ಳಿಬಣ್ಣದ, ಮೊಳದುದ್ದದ ಜಡೆ, ತುದಿಗೆ ಕರಿ ರಿಬ್ಬನ್ನು ಕಟ್ಟಿಯೇ ಇತ್ತು. ಪಕ್ಕದಲ್ಲಿ ಅಡಿಗೆಮನೆಯ ಕತ್ತರಿ. ವಿಶಾಲಾಕ್ಷಿಯವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕುತ್ತಿಗೆಯ ಹತ್ತಿರ ಕೂದಲು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

"ತಲಿ ಹಿಕ್ಕೋತಿದ್ದೆ," ಅಂದರು. "ಸಿಕ್ಕು ಬಿಡಲಿಲ್ಲ. ಕತ್ತರಿ ಅಲ್ಲೇ ಇತ್ತು. ಬ್ಯಾಡ ಅನ್ನೋದರಾಗ ಕತ್ತರಿಸಿ ಆಗಿತ್ತು, ಬೃಂದಾ. ಕೈ ನನ್ನ ಮಾತು ಕೇಳಲಿಲ್ಲ."

ಬೃಂದಾ ಮಗಳಿಗೆ ಒಂದು ಟವೆಲ್ಲು ತರಲು ಹೇಳಿದಳು. ಹಿತ್ತಲಿಗೆ ಕುರ್ಚಿ ಹಾಕಿ, ಅತ್ತೆಯನ್ನು ಬಿಸಿಲಿಗೆ ಕೂರಿಸಿ, ಟವೆಲ್ಲು ಹೊದಿಸಿ, ಕೂದಲನ್ನು ಸಮ ಮಾಡತೊಡಗಿದಳು. ನಾಲ್ಕು ವರ್ಷದಲ್ಲಿ ಅವಳು ಅತ್ತೆಯ ತಲೆ ಮುಟ್ಟಿದ್ದು ಇದೇ ಮೊದಲು. ಯಾವಾಗಲೂ ಜಡೆಯಡಿ ಮುಚ್ಚಿರುತ್ತಿದ್ದ ಕತ್ತು ಬೆಳ್ಳಗೆ, ಎಳೆಯ ಹುಡುಗಿಯ ಕತ್ತಿನ ಹಾಗಿತ್ತು.

"ಬೃಂದಾ, ಖರೇ ಹೇಳು. ನನ್ನ ಬುದ್ಧಿ ಹೊಂಟದ ಏನು?"

"ಇಲ್ಲ ಅತ್ತೆ."

"ಸಮರ್ಥ ಹಂಗ ಅಂದ್ಕೊಂಡಾನ. ಫೋನಿನ್ಯಾಗ ಮಾತಾಡಿದ್ದು ಕೇಳಿದೆ. ಹಲ್ಲಾಗ ಹುಳಾ ಆದ್ರ ಕೀಳಬಹುದು. ಬುದ್ಧಿ ಹೋದ್ರ..." ಅವರು ಮಾತು ಮುಗಿಸಲಿಲ್ಲ. ಈಗ ಹೇಳಬೇಕು ಅಂದುಕೊಂಡಳು ಬೃಂದಾ. ಇನ್ನೊಂದು ಎಳೆ ಸಮ ಮಾಡಿ ಹೇಳೋಣ ಅಂದುಕೊಂಡಳು. ಅಷ್ಟರಲ್ಲಿ ಮುಂಬಾಗಿಲು ತೆರೆದ ಸದ್ದಾಯಿತು.

ಆಸ್ಪತ್ರೆಯ ಆನ್‌ಕಾಲ್ ಪಾಳಿ ಮುಗಿಸಿ ಬಂದ ಸಮರ್ಥ ಮೇಜಿನ ಮೇಲಿನ ಜಡೆ ನೋಡಿದ, ಹಿತ್ತಲಿಗೆ ಬಂದು ಅಮ್ಮನನ್ನು ನೋಡಿದ. ಬೃಂದಾಳನ್ನು ಬಾಗಿಲ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದ:

"ಇನ್ನು ಕಾಯೋದು ಬೇಡ. ಸೋಮವಾರವೇ ಸ್ಕ್ಯಾನ್ ಮಾಡಿಸ್ತೀನಿ. ಒಬ್ಬಳೇ ಇದ್ದಾಗ ಇನ್ನೇನು ಮಾಡ್ಕೋತಾಳೋ. ಕತ್ತರಿ ಚಾಕು ಎಲ್ಲ ಮೇಲೆ ಎತ್ತಿಡು."

ಎತ್ತಿಡು ಅನ್ನುವ ಮಾತು ಹಿತ್ತಲಿಗೂ ಕೇಳಿಸಿತು. ವಿಶಾಲಾಕ್ಷಿಯವರು ತಲೆ ತಗ್ಗಿಸಿ ಟವೆಲ್ಲಿನ ಮೇಲಿನ ಕೂದಲು ಕೊಡವತೊಡಗಿದರು. ಬೃಂದಾ ಗಂಡನ ಕಡೆ ತಿರುಗಿ ದನಿ ಏರಿಸಿದಳು.

"ಅವರಿಗೆ ಏನೂ ಆಗಿಲ್ಲ ಸಮರ್ಥ. ಐವತ್ತು ವರ್ಷದ ನಿಕೋಟಿನ್ನನ್ನ ಒಂದು ಸಂಜೇಲಿ ಸಿಂಕಿಗೆ ಸುರಿದರೆ ಹೀಗೇ ಆಗೋದು. ಬಾಯಿಗೆ ಬಂದದ್ದು ಬಂದುಬಿಡತ್ತೆ. ಕೈಗೆ ಸಿಕ್ಕಿದ್ದು ಆಗಿಹೋಗತ್ತೆ. ಮಾಡಲಾ ಬೇಡವಾ ಅಂತ ಯೋಚಿಸೋ ಆ ಒಂದು ಗಳಿಗೆ ಇರತ್ತಲ್ಲ, ಅದೇ ಸಿಗೋದಿಲ್ಲ."

"ಹತ್ತು ದಿನ ಆಯ್ತು ಬೃಂದಾ. ಇಷ್ಟು ಹೊತ್ತಿಗೆ ಕಮ್ಮಿ ಆಗಬೇಕು."

"ಒಳಗಿರೋರಿಗೆ ಹತ್ತು ದಿನ ಎಷ್ಟು ಉದ್ದ ಅಂತ ನಿನಗೆ ಗೊತ್ತಿಲ್ಲ."

"ನಿನಗೆ ಗೊತ್ತಾ?"

"ಗೊತ್ತು! ನಾನು ಐದು ವರ್ಷದಿಂದ ಸೇದ್ತಿದೀನಿ. ಬುಧವಾರದಿಂದ ಬಿಟ್ಟಿದೀನಿ, ಅದಕ್ಕೇ ಈಗ ಕೂಗಾಡ್ತಿದೀನಿ!"

ಹೇಳಬೇಕೆಂದು ಹೇಳಿದ್ದಲ್ಲ. ಹೇಳಿಯಾದ ಮೇಲೆ ಅವಳಿಗೇ ಕೇಳಿಸಿತು. ಕೈಚೀಲದಿಂದ ಕಾಲುಚೀಲ ತೆಗೆದು, ಬಿಚ್ಚಿ, ವೇಪನ್ನು ಜಡೆಯ ಪಕ್ಕದಲ್ಲಿ ಇಟ್ಟಳು. ಮೆಟ್ಟಿಲ ಮೇಲೆ ಕೂತಿದ್ದ ಅಮೂಲ್ಯಾ "ಅಮ್ಮಾ!" ಅಂದಳು. ಮುಂದೆ ಅವಳಿಗೆ ಇಂಗ್ಲಿಷಿನಲ್ಲೂ ಮಾತು ಸಿಗಲಿಲ್ಲ.

ಸಮರ್ಥ ಬೂಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದ. ಜಡೆ, ವೇಪ್ ಎರಡನ್ನೂ ನೋಡಿದ. "ಐದು ವರ್ಷ," ಅಂದ. "ನನಗೆ ಹೇಳೋದಕ್ಕೆ ಆಗಲಿಲ್ಲ." ಅದು ಪ್ರಶ್ನೆಯೋ ದೂರೋ ತಿಳಿಯಲಿಲ್ಲ. ಎದ್ದು ಪಾರ್ಕಿನ ಕಡೆ ನಡೆದುಹೋದ.

ಬೃಂದಾ ಹಿತ್ತಲಿಗೆ ಬಂದರೆ ಅತ್ತೆ ಎದ್ದು ನಿಂತಿದ್ದರು. ಕಣ್ಣಲ್ಲಿ ನೀರಿತ್ತು, ಆದರೆ ಅದು ಸಿಟ್ಟಿನ ನೀರು.

"ಹತ್ತು ದಿವಸ, ಬೃಂದಾ. ಹತ್ತು ದಿವಸ ನಾ ಹುಚ್ಚಿ ಆದೆ ಅಂತ ಹೆದರಿಕೊಂಡು ಒದ್ದಾಡೀನಿ. ನಿನಗ ಎಲ್ಲಾ ಗೊತ್ತಿತ್ತು."

"ಗೊತ್ತಿತ್ತು ಅತ್ತೆ."

"ಒಂದು ಮಾತು ಹೇಳಬಾರದಾಗಿತ್ತೇನು?"

ವಿಶಾಲಾಕ್ಷಿಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೃಂದಾ ಹಿತ್ತಲಲ್ಲೇ ಕೂತು, ಹುಲ್ಲಿನ ಮೇಲೆ ಚದುರಿದ್ದ ಬಿಳಿ ಕೂದಲನ್ನು ಒಂದೊಂದಾಗಿ ಆರಿಸಿದಳು. ಅಳು ಬಂತು, ಅತ್ತಳು. ಅಮೂಲ್ಯಾ ಬಂದು ಪಕ್ಕದಲ್ಲಿ ಕೂತು ಭುಜಕ್ಕೆ ತಲೆ ಆನಿಸಿದಳು. "ಆರ್ ಯೂ ಗೋಯಿಂಗ್ ಟು ಸ್ಟಾಪ್?" ಅಂತ ಕೇಳಿದಳು. "ಪ್ರಯತ್ನ ಮಾಡ್ತೀನಿ ಪುಟ್ಟಿ," ಅಂದಳು ಬೃಂದಾ. ಸುಳ್ಳು ಹೇಳಬಾರದೆಂದು ಅಷ್ಟೇ ಹೇಳಿದಳು.

ನಾಲ್ಕು ಗಂಟೆಗೆ ಅತ್ತೆಯ ಬಾಗಿಲು ತೆರೆಯಿತು. ಮುಖ ತೊಳೆದುಕೊಂಡಿದ್ದರು. ಗಿಡ್ಡ ಕೂದಲನ್ನು ಕಿವಿಯ ಹಿಂದೆ ಸರಿಸಿ ಎರಡು ಪಿನ್ನು ಹಾಕಿದ್ದರು. ಅಡಿಗೆಮನೆಗೆ ಬಂದು ಚಹಾಕ್ಕೆ ನೀರಿಟ್ಟರು, ಎರಡು ಲೋಟದಷ್ಟು.

"ಒಂದು ಕೇಳ್ತೀನಿ. ನಿನ್ನ ಆಸ್ಪತ್ರಿ ವಿದ್ಯಾ ಹಚ್ಚಿ ಹೇಳಬೇಕು. ಊರೆಲ್ಲಾ ನನ್ನ ಶಾಂತಮ್ಮ ಅಂತಿತ್ತು. ಮೂವತ್ತನಾಲ್ಕು ವರ್ಷ ಒಂದು ಹುಡುಗಿ ಮ್ಯಾಲೆ ಕೈ ಮಾಡಿಲ್ಲ, ಒಬ್ಬರಿಗೆ ಬಿರುಸು ಮಾತಾಡಿಲ್ಲ. ಈಗ ನೋಡಿದ್ರ, ತಪಕೀರ ಇಲ್ಲದ ಹತ್ತು ದಿವಸ ತಡಕೊಳ್ಳೋದು ಆಗಲಿಲ್ಲ. ಹಂಗಾರ ಆ ಶಾಂತಿ ನಂದಲ್ಲೇನು? ಎಲ್ಲಾ ಆ ಡಬ್ಬಿದಾ?"

ಈ ಪ್ರಶ್ನೆಯನ್ನು ಬೃಂದಾಳಿಗೆ ಯಾವ ರೋಗಿಯೂ ಕೇಳಿರಲಿಲ್ಲ.

"ಅಲ್ಲ ಅತ್ತೆ. ಗಂಟೆಗೊಂದು ಸಲ ತುರಿಕೆ ಹಚ್ಚಿದ್ದು ಅದೇ, ಕೆರೆದು ಹಾಯೆನಿಸಿದ್ದೂ ಅದೇ. ನಾವು ಕೆರೆದದ್ದನ್ನ ಮಾತ್ರ ನೆನಪಿಟ್ಟುಕೊಂಡು ಉಪಕಾರ ಅಂದ್ಕೋತೀವಿ. ಹುಡುಗೀರನ್ನ ಪ್ರೀತಿಯಿಂದ ನೋಡಿಕೊಂಡದ್ದು ತಪಕೀರ ಅಲ್ಲ. ಡಬ್ಬಿ ಖಾಲಿಯಾಗಿ ಮೈ ಪರಚಿಕೊಳ್ಳೋ ಹಾಗಾದ ದಿನಾನೂ ನೀವು ಶಾಲೆಗೆ ಹೋಗಿರ್ತೀರಲ್ಲ? ಆವತ್ತು ಯಾರಿಗಾದ್ರೂ ಹೊಡೆದ್ರಾ?"

ವಿಶಾಲಾಕ್ಷಿಯವರು ನೆನಪು ಮಾಡಿಕೊಂಡರು. "ಇಲ್ಲ," ಅಂದರು ನಿಧಾನವಾಗಿ. "ಹೊರಗ ಗ್ರೌಂಡಿಗೆ ಕರಕೊಂಡು ಹೋಗಿ ಆಟ ಆಡಸ್ತಿದ್ದೆ. ಹೆಡ್‌ಮಿಸ್ ಆದ ಮ್ಯಾಲೂ." ತುಟಿಯ ತುದಿಯಲ್ಲಿ ಸಣ್ಣ ನಗು ಬಂತು. ಆಮೇಲೆ ಚಹಾ ಸೋಸಿ, ಒಂದು ಲೋಟ ಸೊಸೆಯ ಮುಂದೆ ಸರಿಸಿದರು. "ನಿನಗೂ ಒಳಗ ಹಿಂಗ ಕುದಿತದೇನು?"

"ಈಗಲೂ ಕುದೀತಿದೆ."

"ಪಾಪ," ಅಂದರು ಅತ್ತೆ. ಸೊಸೆಯ ಬೆನ್ನ ಮೇಲೆ ಕೈಯಿಟ್ಟರು. ಆ ಕೈಯನ್ನು ಚಹಾ ಮುಗಿಯುವವರೆಗೆ ತೆಗೆಯಲಿಲ್ಲ.

ಸಮರ್ಥ ಕತ್ತಲಾಗುವ ಮೊದಲೇ ಮರಳಿ ಬಂದ. ಪಾರ್ಕಿನ ಬೆಂಚಿನಲ್ಲಿ ಕೂತು ತಂಬಾಕು ಬಿಟ್ಟವರ ಪಾಡಿನ ಬಗ್ಗೆ ಫೋನಿನಲ್ಲಿ ಓದಬೇಕಾದದ್ದನ್ನೆಲ್ಲ ಓದಿದ್ದ. ಇದನ್ನು ಅವನು ಪರೀಕ್ಷೆಗಾಗಿ ಎಂದೋ ಓದಿದವನೇ. ತನ್ನ ಅಮ್ಮನ ಮೇಲೆ ಹಾಕಿ ನೋಡಿರಲಿಲ್ಲ. ಅಮ್ಮನ ಪಕ್ಕ ನೆಲದ ಮೇಲೆ ಕೂತ.

"ಅವ್ವಾ, ನಾ ತಪ್ಪು ಮಾಡಿದೆ. ಡಾಕ್ಟರ್ ಆಗಿ ಮಾಡಬೇಕಾಗಿದ್ದನ್ನ ಮಗ ಆಗಿ ಹೆದರಿ ಕೆಡಿಸಿದೆ."

"ಕತ್ತರಿ ಎತ್ತಿಡು ಅಂದಿಯಲ್ಲೋ," ಅಂದರು ಅವರು. ಅದೊಂದು ಮಾತು ಅವರನ್ನು ಬಹಳ ನೋಯಿಸಿತ್ತು. ಅವನು ಅವರ ಮಂಡಿಗೆ ಹಣೆ ಹಚ್ಚಿದ. ಅವರು ಅವನ ಕೂದಲಲ್ಲಿ ಬೆರಳಾಡಿಸಿದರು. ಬೃಂದಾಳ ಜೊತೆ ಅವನು ಅಷ್ಟು ಬೇಗ ಸರಿಹೋಗಲಿಲ್ಲ. ಎರಡು ವಾರ ಮಾತು ಅಳೆದಳೆದು ಆಡುತ್ತಿದ್ದ. ಒಂದು ದಿನ ತಾನೇ ಕಸದ ಡಬ್ಬ ಇಟ್ಟು ಬಂದು, "ಚಳಿಗಾಲದಲ್ಲೂ ಆ ಶೆಡ್ಡಿನಲ್ಲಿ ನಿಂತಿರ್ತಿದ್ಯಾ?" ಅಂತ ಕೇಳಿದ. ಅವಳು ಹೂಂ ಅಂದಳು. "ಒಬ್ಬಳೇ," ಅಂದ. ಅಲ್ಲಿಂದ ಸ್ವಲ್ಪ ಸಲೀಸಾಯಿತು.

ಜಡೆ ಕತ್ತರಿಸಿದ ಮರುದಿನ ಶನಿವಾರವೇ ಅತ್ತೆ ಸೊಸೆ ಇಬ್ಬರೂ ಪೇಟೆಬೀದಿಯ ಔಷಧಿ ಅಂಗಡಿಗೆ ಹೋಗಿ, ತಂಬಾಕು ಬಿಡಲು ನೆರವು ಕೊಡುವ ಯೋಜನೆಗೆ ಹೆಸರು ಬರೆಸಿದ್ದರು. ಮನೆಯವರಿಗೆ ತಾನೇ ಔಷಧಿ ಕೊಡುವುದು ಸರಿಯಲ್ಲ ಅಂತ ಬೃಂದಾಳೇ ಹಟ ಹಿಡಿದಳು. ಕೌಂಟರಿನ ಸಿರಿಶಾ ಅನ್ನುವ ಹುಡುಗಿ, ಎಷ್ಟು ವರ್ಷದಿಂದ, ಅಂತ ಕೇಳಿದಳು. ಐವತ್ತೊಂದು, ಅಂದರು ವಿಶಾಲಾಕ್ಷಿಯವರು, ಚೊಕ್ಕ ಇಂಗ್ಲಿಷಿನಲ್ಲಿ. ಹುಡುಗಿ ಎರಡು ಸಲ ಕೇಳಿಸಿಕೊಂಡು ಬರೆದಳು. ಬಾಯಿಗೆ ಏನೂ ಬೇಡವೆಂದು ತೋಳಿಗೆ ಹಚ್ಚುವ ಪ್ಯಾಚ್ ಕೊಟ್ಟಳು. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಒಬ್ಬರಿಗೊಬ್ಬರು ಹಚ್ಚಿಕೊಳ್ಳುತ್ತಿದ್ದರು. ಅತ್ತೆಯ ಮಾತು ಮೆಲ್ಲಗೆ ಹದಕ್ಕೆ ಬಂತು. ಹುಬ್ಬಳ್ಳಿಯ ನಾದಿನಿಗೆ ಫೋನು ಮಾಡಿ ವಿಶಾಲಾಕ್ಷಿಯವರು ಕ್ಷಮೆ ಕೇಳಿದರು. ಅಶ್ವತ್ಥನಾರಾಯಣ ಅವರಿಗೆ ಮಾತ್ರ ಕೇಳಲಿಲ್ಲ. ಅದು ನಿಜವಾದ ಮಾತೇ ಆಗಿತ್ತು ಅನ್ನುತ್ತಿದ್ದರು.

ಎಲ್ಲ ನೇರ ದಾರಿಯೇನೂ ಆಗಿರಲಿಲ್ಲ. ಬೃಂದಾ ಜುಲೈಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಜಾರಿದಳು. ಎರಡು ಸಲವೂ ಮನೆಗೆ ಬಂದು ಹೇಳಿದಳು.

ಅಕ್ಟೋಬರಿನ ಒಂದು ಸಂಜೆ ವಾರ್ಡಿನಲ್ಲಿ ಅವಳು ಆರು ತಿಂಗಳು ನೋಡಿಕೊಂಡಿದ್ದ ರೋಗಿಯೊಬ್ಬರು ತೀರಿಕೊಂಡರು. ಬಸ್‌ಸ್ಟಾಪಿನ ಎದುರಿಗೇ ವೇಪ್ ಅಂಗಡಿ. ಕಾಲು ತಾನಾಗಿ ಆ ಕಡೆ ತಿರುಗಿದ್ದು ನೋಡಿ ಅವಳು ಫೋನು ತೆಗೆದಳು.

"ಅತ್ತೆ, ಅಂಗಡಿ ಮುಂದೆ ನಿಂತಿದೀನಿ."

"ಇರವಾ, ಗ್ಯಾಸ್ ಆರಿಸಿ ಬರ್ತೀನಿ." ಒಂದು ಕ್ಷಣ. "ಹಾಂ, ಕೂತೆ. ಏನಾತು?"

ಬೃಂದಾ ಹೇಳಿದಳು. ಹೇಳುತ್ತ ಅತ್ತಳು. ಅಂಗಡಿಗೆ ಹೋಗಬೇಡ ಅಂತ ಅತ್ತೆ ಒಮ್ಮೆಯೂ ಹೇಳಲಿಲ್ಲ. ಆ ರೋಗಿಯ ಹೆಸರೇನು, ಯಾವ ಊರಿನವರು, ಮಕ್ಕಳೆಷ್ಟು ಅಂತ ಒಂದೊಂದೇ ಕೇಳುತ್ತ ಹೋದರು. ಹೆಸರು ಮಾರ್ಗರೆಟ್, ಮಗಳೊಬ್ಬಳು ಬ್ರೈಟನ್ನಿನಲ್ಲಿದ್ದಾಳೆ, ಹೊಸ ಮಾತ್ರೆ ಕೊಟ್ಟಾಗಲೆಲ್ಲ ಬಣ್ಣ ಚೆನ್ನಾಗಿಲ್ಲ ಅಂತ ತಕರಾರು ಮಾಡುತ್ತಿದ್ದರು, ಅಂತ ಹೇಳುವಾಗ ಬೃಂದಾಳಿಗೆ ಅಳುವಿನ ನಡುವೆಯೇ ನಗು ಬಂತು. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಕಂಡಿತು.

"ಬಸ್ ಬಂತು ಅತ್ತೆ."

"ಹತ್ತು ಮತ್ತ."

ಹತ್ತಿ, ಮೇಲಿನ ಮಾಳಿಗೆಯ ಮುಂದಿನ ಸೀಟಿನಲ್ಲಿ ಕೂತಳು. ಫೋನು ಇನ್ನೂ ಕಿವಿಯಲ್ಲೇ ಇತ್ತು.

"ನಿಮಗೆ ಇವತ್ತು ಹೇಗಿತ್ತು?"

"ನನಗಾ? ಮಧ್ಯಾಹ್ನ ಊಟ ಆದ ಮ್ಯಾಲೆ ಭಾಳ ಕೆಟ್ಟಿತ್ತು," ಅಂದರು ವಿಶಾಲಾಕ್ಷಿಯವರು. "ಮನಿಗೆ ಬಾ, ಎಲ್ಲಾ ಹೇಳತೀನಿ."